ಮಣಿಪಾಲದಲ್ಲಿ ಅರ್ಧ ಕೆಜಿ ಕೇಕಿನ ವ್ಯಾಪಾರ

ಮನೆಯಿಂದಲೇ ಕೇಕ್ ಮಾಡಿ ಮಾರಬೇಕು ಅಂತ ನಿರ್ಧರಿಸಿದಾಗ ನಾನು ಮೊದಲು ಹುಡುಕಿ ಇಟ್ಟುಕೊಂಡದ್ದು ಕಾಲೇಜಿನ ವೇಳಾಪಟ್ಟಿ. 1953ರಲ್ಲಿ ಕೆಎಂಸಿ ಅನ್ನುವ ವೈದ್ಯಕೀಯ ಕಾಲೇಜು, 1957ರಲ್ಲಿ ಎಂಐಟಿ ಅನ್ನುವ ಎಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ಮಣಿಪಾಲ ಬೆಳೆದದ್ದೇ ವಿದ್ಯಾರ್ಥಿಗಳಿಂದ. ಅವರಿದ್ದರೆ ಟೈಗರ್ ಸರ್ಕಲ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರಜೆ ಕೊಟ್ಟರೆ ಊರೇ ಬಿಕೋ ಅನ್ನುತ್ತದೆ. ಸೆಮಿಸ್ಟರ್ ಯಾವಾಗ ಮುಗಿಯುತ್ತದೆ ಅಂತ ಗೊತ್ತಿದ್ದರೆ ಬೆಣ್ಣೆ, ಕ್ರೀಮ್ ಎಷ್ಟು ತರಿಸಬೇಕು ಅನ್ನುವುದೂ ಗೊತ್ತಾಗುತ್ತದೆ.

ಎಫ್‌ಎಸ್‌ಎಸ್‌ಎಐ ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮನೆ ಅಡುಗೆಮನೆಗೂ ಬೇಕೇ ಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಮೂಲ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅವರು ಕೊಡುವ 14 ಅಂಕಿಯ ಸಂಖ್ಯೆಯನ್ನು ಪ್ರತಿ ಡಬ್ಬಿಗೂ ಅಂಟಿಸುತ್ತೇನೆ. ಮಕ್ಕಳನ್ನು ದೂರದ ಊರಿಂದ ಇಲ್ಲಿಗೆ ಕಳಿಸಿರುವ ಅಪ್ಪ ಅಮ್ಮ ಅದನ್ನು ಕೇಳುತ್ತಾರೆ, ಕೇಳಲೂ ಬೇಕು.

ಇಲ್ಲಿ ಓಡುವುದು ಅರ್ಧ ಕೆಜಿ ಕೇಕು, ಇಲ್ಲವೇ ಅದಕ್ಕೂ ಚಿಕ್ಕದಾದ ಬೆಂಟೊ. ರೂಮಿನವರು ನಾಲ್ಕೈದು ಜನ ದುಡ್ಡು ಸೇರಿಸಿ ತರಿಸುವ ಕೇಕ್ ಅದು. ದೊಡ್ಡ ಕೇಕಿನ ಟಿನ್ನುಗಳನ್ನು ನಾನು ಆರಂಭದಲ್ಲಿ ಕೊಳ್ಳಲೇ ಇಲ್ಲ.

ಹುಟ್ಟುಹಬ್ಬದ ಕೇಕ್ ಕತ್ತರಿಸುವುದು ರಾತ್ರಿ 12ಕ್ಕೆ. ಆ ಹೊತ್ತಿಗೆ ಹಾಸ್ಟೆಲ್ ಗೇಟಿಗೆ ತಲುಪಿಸಲು ಆಗುವುದಿಲ್ಲ, ಸಂಜೆಯೇ ಕೊಡಬೇಕು. ಹಾಸ್ಟೆಲ್ ರೂಮಿನಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಕರಾವಳಿಯ ಸೆಕೆಯಲ್ಲಿ ವಿಪ್ಪಿಂಗ್ ಕ್ರೀಮಿನ ಹೂವು ಅಷ್ಟು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಮಧ್ಯರಾತ್ರಿಯ ಕೇಕ್ ಅಂದರೆ ನನ್ನ ಹತ್ತಿರ ಗನಾಶ್ ಅನ್ನುವ ಚಾಕೊಲೇಟ್ ಲೇಪದ್ದು ಮಾತ್ರ. ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಬಿಸಿ ಕ್ರೀಮ್ ಬೆರೆಸಿ ಆರಲು ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ, ಸಂಜೆಯಿಂದ 12ರವರೆಗೆ ಫ್ಯಾನಿನ ಕೆಳಗೆ ಇಟ್ಟರೂ ಅಂಚು ಕೆಡುವುದಿಲ್ಲ. ಈ ಊರಿನ ವ್ಯಾಪಾರದಲ್ಲಿ ನನ್ನನ್ನು ಉಳಿಸಿಕೊಂಡು ಬಂದದ್ದು ಇದೊಂದೇ ಅಂದರೂ ತಪ್ಪಲ್ಲ.

“ಆಂಟಿ, ಎಗ್‌ಲೆಸ್ ಸಿಗ್ತದಾ?” ಅಂತ ಕೇಳದ ವಾರ ಇಲ್ಲ. ಗುಜರಾತಿ, ಮಾರ್ವಾಡಿ ಮಕ್ಕಳಷ್ಟೇ ಅಲ್ಲ, ನಮ್ಮ ಉಡುಪಿಯ ಮನೆಗಳವರೂ ಕೇಳುತ್ತಾರೆ. ಮೊಟ್ಟೆಯ ಬದಲು ಮೊಸರು ಮತ್ತು ಅಡುಗೆ ಸೋಡಾ ಹಾಕುತ್ತೇನೆ. ಮೊಸರಿನ ಹುಳಿ ಸೋಡಾಕ್ಕೆ ತಗುಲಿದ ಕ್ಷಣದಿಂದ ಗಾಳಿಗುಳ್ಳೆ ಏಳುತ್ತದೆ, ಅದು ಇಳಿಯುವ ಮೊದಲೇ ಹಿಟ್ಟು ಓವನ್ ಸೇರಬೇಕು. ಅದಕ್ಕೇ ಓವನ್ ಮೊದಲೇ 180 ಡಿಗ್ರಿಗೆ ಕಾದಿರುತ್ತದೆ, ಟಿನ್ನಿಗೆ ಬೆಣ್ಣೆ ಸವರಿರುತ್ತದೆ, ಹಿಟ್ಟು ಕಲಸುವುದು ಕೊನೆಯ ಕೆಲಸ. ಕಡುಬಣ್ಣದ ಡಚ್ ಕೋಕೋದಲ್ಲಿ ಹುಳಿಯನ್ನು ತೆಗೆದಿರುತ್ತಾರೆ, ಅದನ್ನು ನಂಬಿ ಮೊಸರು ಕಡಿಮೆ ಮಾಡಿದರೆ ಕೇಕ್ ಏಳುವುದಿಲ್ಲ. ಎಗ್‌ಲೆಸ್‌ಗೆ ಟಿನ್ನು, ವಿಸ್ಕು, ಬಟ್ಟಲು ಎಲ್ಲವೂ ಬೇರೆ. ಇದು ನಂಬಿಕೆಯ ವಿಷಯ, ಇದರಲ್ಲಿ ರಾಜಿಯೇ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಗಾಳಿಯ ತೇವಕ್ಕೆ ಫಾಂಡೆಂಟ್, ಅಂದರೆ ಕೇಕಿನ ಮೇಲೆ ಹೊದಿಸುವ ಸಕ್ಕರೆಯ ಹಾಳೆ, ಬೆವರಿ ಅಂಟಂಟಾಗುತ್ತದೆ, ಹಾಗಾಗಿ ಆ ತಿಂಗಳುಗಳಲ್ಲಿ ಫಾಂಡೆಂಟಿನ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಕುಕೀಸ್ ಆರಿದ ಕೂಡಲೇ ಗಾಳಿಯಾಡದ ಡಬ್ಬಿಗೆ. ಬ್ರೌನಿ, ಬಾಳೆಹಣ್ಣಿನ ಕೇಕ್ ಮಳೆಗಾಲದ ಊಟಕ್ಕೆ ದಾರಿ. ಪರೀಕ್ಷೆಯ ವಾರಗಳಲ್ಲೂ ಬ್ರೌನಿಯೇ ಹೋಗುವುದು, ಓದುತ್ತಾ ಒಂದು ತುಂಡು ಬಾಯಿಗೆ ಹಾಕಿಕೊಳ್ಳಬಹುದಲ್ಲ.

ಡಿಸೆಂಬರ್‌ನಲ್ಲಿ ಹಾಸ್ಟೆಲ್‌ಗಳು ಖಾಲಿಯಾಗುವ ಹೊತ್ತಿಗೆ ಸುತ್ತಲಿನ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್ ಅನ್ನುವ ಕ್ರಿಸ್ಮಸ್ ತಿಂಡಿಗಳ ತಯಾರಿ ನಡೆದಿರುತ್ತದೆ. ಅಲ್ಲಿಂದ ಪ್ಲಮ್ ಕೇಕಿಗೆ ಬೇಡಿಕೆ ಬರುತ್ತದೆ. ಒಣಹಣ್ಣನ್ನು ವಾರಗಟ್ಟಲೆ ಮೊದಲೇ ನೆನೆಹಾಕಬೇಕು, ನಾನು ದೀಪಾವಳಿ ಮುಗಿಯುತ್ತಿದ್ದಂತೆ ಭರಣಿ ತೊಳೆದು ಇಡುತ್ತೇನೆ.

ಬೆಲೆಯ ವಿಷಯದಲ್ಲಿ ಹೊಸಬರಿಗೆ ಒಂದು ಮಾತು. ಮೈದಾ, ಸಕ್ಕರೆಯ ಲೆಕ್ಕ ಎಲ್ಲರೂ ಹಾಕುತ್ತಾರೆ. 2000 ವಾಟ್‌ನ ಓವನ್ ಗಂಟೆ ಪೂರ್ತಿ ಉರಿದರೆ ಎರಡು ಯೂನಿಟ್ ಕರೆಂಟ್, ಜೊತೆಗೆ ಡಬ್ಬಿ, ಬೋರ್ಡು, ನಿಮ್ಮ ಕೂಲಿ, ಇವೂ ಸೇರಲೇಬೇಕು. ನಾನು ಅರ್ಧ ದುಡ್ಡನ್ನು ಯುಪಿಐನಲ್ಲಿ ಮುಂಗಡ ತೆಗೆದುಕೊಂಡೇ ಡೈರಿಯಲ್ಲಿ ಹೆಸರು ಬರೆಯುವುದು. ಪಕ್ಕದ ಮನೆಯವರಿಗೂ ಇದೇ ಪದ್ಧತಿ, ಯಾರೂ ಬೇಜಾರು ಮಾಡಿಕೊಂಡಿಲ್ಲ.