ಪಾದ್ರಿಗಳ ಬ್ರಹ್ಮಚರ್ಯ: ಚರ್ಚೆಗೆ ಕೂರುವ ಮುಂಚೆ

ನನ್ನ ಅಣ್ಣ ಕ್ಯಾಥೊಲಿಕ್ ಪಾದ್ರಿ. ಅದಕ್ಕೇ ಪಾದ್ರಿಗಳಿಗೆ ಮದುವೆ ಬೇಕಾ ಬೇಡವಾ ಅಂತ ಜನ ಬಾಯಿಗೆ ಬಂದಂತೆ ಮಾತಾಡಿದರೆ ನನಗೆ ಸಂಕಟವಾಗುತ್ತದೆ. ಚರ್ಚಿನ ಯುವಜನರ ಜೊತೆ ಈ ವಿಷಯಕ್ಕೆ ಕೂತಾಗ ನಾನು ಮಾಡುವುದು ಹೀಗೆ.

ಮೊದಲು ಒಂದು ಗೊಂದಲ ಬಗೆಹರಿಸಿ. ಬ್ರಹ್ಮಚರ್ಯ ವಿಶ್ವಾಸದ ಸತ್ಯವಲ್ಲ, ಧರ್ಮಸಭೆಯ ಶಿಸ್ತು. ಲ್ಯಾಟಿನ್ ಧರ್ಮಸಭೆಯ, ಅಂದರೆ ಕ್ಯಾಥೊಲಿಕರ ಅತಿ ದೊಡ್ಡ ಶಾಖೆಯ, ಕಾನೂನಿನ 277ನೇ ವಿಧಿಯಲ್ಲಿದೆ. ಬದಲಿಸಲು ಆಗುತ್ತದೆ, ಬದಲಿಸಬೇಕಾ ಅನ್ನೋದೇ ಚರ್ಚೆ.

ಆಮೇಲೆ ಬೈಬಲ್ ತೆಗೆಯಿರಿ. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರರ ಅತ್ತೆ, ಅಂದರೆ ಹೆಂಡತಿಯ ತಾಯಿ, ಜ್ವರ ಬಂದು ಮಲಗಿದ್ದಾರೆ. ಯೇಸು ಕೈಹಿಡಿದು ಎಬ್ಬಿಸುತ್ತಾರೆ. ಆಕೆ ಎದ್ದು ಬಂದವರನ್ನು ಉಪಚರಿಸುತ್ತಾರೆ. ಅತ್ತೆ ಇದ್ದರು ಅಂದ ಮೇಲೆ ಪೇತ್ರರಿಗೆ ಮದುವೆಯಾಗಿತ್ತು, ಅಲ್ವಾ? ಆದರೆ ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಮತ್ತಾಯ 19:12 ಕೂಡ ಓದಿಸಿ. ಅಲ್ಲಿ ಸ್ವರ್ಗಸಾಮ್ರಾಜ್ಯಕ್ಕಾಗಿ ಮದುವೆ ಬಿಟ್ಟವರ ಮಾತಿದೆ.

"ಚರ್ಚಿನ ಆಸ್ತಿ ಮಕ್ಕಳ ಪಾಲಾಗದಿರಲಿ ಅಂತ ತಂದ ನಿಯಮ ಇದು" ಅಂತ ಒಬ್ಬರು ಹೇಳೇ ಹೇಳುತ್ತಾರೆ. ಅದೂ ಒಂದು ಕಾರಣವೇ. ಪಾದ್ರಿಗಳ ಮದುವೆ ಅಸಿಂಧು ಅಂತ ರೋಮಿನಲ್ಲಿ ಬಿಷಪರು ಸೇರಿದ ಎರಡನೇ ಲ್ಯಾಟರನ್ ಮಹಾಸಭೆ ಸಾರಿದ್ದು 1139ರಲ್ಲಿ. ಆದರೆ ಅದಕ್ಕೂ ಎಂಟು ಶತಮಾನ ಹಿಂದೆಯೇ, ಸ್ಪೇನಿನ ಎಲ್ವಿರಾ ಸಭೆ ಮದುವೆಯಾದ ಪಾದ್ರಿಗಳಿಗೂ ಹೆಂಡತಿಯಿಂದ ದೂರ ಇರಿ ಅಂದಿತ್ತು.

ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿ: ಕೇಳುತ್ತಿರುವುದು ಏನು? ಮದುವೆಯಾದವರಿಗೆ ಗುರುದೀಕ್ಷೆಯಾ (ಅಂದರೆ ಪಾದ್ರಿ ಪಟ್ಟ), ದೀಕ್ಷೆ ಪಡೆದವರಿಗೆ ಮದುವೆಯಾ? ಎರಡೂ ಬೇರೆ ಬೇರೆ. ಪೋಪರ ಅಧೀನದಲ್ಲೇ ಇರುವ ಉಕ್ರೇನಿನ ಗ್ರೀಕ್ ಕ್ಯಾಥೊಲಿಕರಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ. ಅವರಲ್ಲೂ ಬಿಷಪ್ ಆಗುವವರು ಮದುವೆಯಾಗಿರಬಾರದು. 2019ರ ಅಮೆಜಾನ್ ಸಿನಡ್, ಅಂದರೆ ಆ ಕಾಡಿನ ಪ್ರದೇಶದ ಬಗ್ಗೆ ಸೇರಿದ ಬಿಷಪರ ಸಭೆ, ಕೇಳಿದ್ದೂ ಮೊದಲನೆಯದನ್ನೇ. ಪಾದ್ರಿಗಳ ಕೊರತೆಯಿಂದ ಕಾಡಿನ ಎಷ್ಟೋ ಊರುಗಳಲ್ಲಿ ತಿಂಗಳುಗಟ್ಟಲೆ ಬಲಿಪೂಜೆ ಇಲ್ಲ. ಪರವಾಗಿ 128 ಮತ ಬಿತ್ತು, ವಿರುದ್ಧ 41. ಮರುವರ್ಷ ಪೋಪ್ ಫ್ರಾನ್ಸಿಸ್ ಬರೆದ ಉತ್ತರದಲ್ಲಿ ಆ ಮಾತೇ ಇರಲಿಲ್ಲ. ನನಗೆ ಇವತ್ತಿಗೂ ಬೇಸರ.

ಲೈಂಗಿಕ ದೌರ್ಜನ್ಯದ ಮಾತು ಬಂದರೆ ತಡೆಯಬೇಡಿ, ಅದಕ್ಕೆ ಪೂರ್ತಿ ಒಂದು ದಿನ ಇಡಿ. ಬ್ರಹ್ಮಚರ್ಯವೇ ಅದಕ್ಕೆ ಕಾರಣ ಅಂತ ಯಾರಾದರೂ ಅಂದರೆ, ಮದುವೆಯಾದ ಗಂಡಸರೂ ಅದನ್ನು ಮಾಡುತ್ತಾರೆ ಅನ್ನೋದು ನೆನಪಿರಲಿ. ನೊಂದವರನ್ನು ವಾದ ಗೆಲ್ಲಲು ಬಳಸುವುದು ತಪ್ಪು.

ಕೊನೆಗೆ ಒಬ್ಬ ಪಾದ್ರಿಯನ್ನು ಕರೆಯಿರಿ. "ಒಂಟಿತನ ಕಾಡಲ್ವಾ ಫಾದರ್?" ಅಂತ ಎಲ್ಲರ ಮುಂದೆ ಕೇಳಬೇಡಿ. ನಿಯಮ ಇಲ್ಲದಿದ್ದರೂ ಇದನ್ನೇ ಆರಿಸುತ್ತಿದ್ರಾ ಅಂತ ಕೇಳಿ. ಅಣ್ಣ ಹೌದು ಅಂದ. ಅವನ ಜೊತೆ ಓದಿದವರು ಕೆಲವರು ಮದುವೆಗಾಗಿ ಪಾದ್ರಿ ಕೆಲಸವನ್ನೇ ಬಿಟ್ಟರು, ಅವರೂ ಒಳ್ಳೆಯ ಪಾದ್ರಿಗಳೇ ಆಗಿದ್ದರು ಅಂತಲೂ ಅವನೇ ಹೇಳಿದ. ಸಾಧ್ಯವಾದರೆ ಅಂಥವರೊಬ್ಬರನ್ನೂ ಕರೆಯಿರಿ.