ಮನೆಯಲ್ಲಿ ಪೆಟ್ರೋಲ್ ಇಟ್ಟಿದ್ದೀರಾ? ಹಾಗಾದ್ರೆ ಇದನ್ನು ಓದಿ

ಬೈಕ್‌ಗೆ ಇರಲಿ ಅಂತ ಒಂದು ಬಾಟ್ಲಿ, ಜನರೇಟರ್‌ಗೆ ಅಂತ ಒಂದು ಕ್ಯಾನು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಪೆಟ್ರೋಲ್ ಹೀಗೆ ಸುಮ್ನೆ ಕೂತಿರುತ್ತದೆ. ಇದನ್ನು ಸೀಮೆಎಣ್ಣೆ ಥರ ನೋಡಬೇಡಿ. ಹತ್ತಿಕೊಳ್ಳುವಷ್ಟು ಆವಿ ಬಿಡಬೇಕಾದರೆ ಸೀಮೆಎಣ್ಣೆ ಸುಮಾರು 38 ಡಿಗ್ರಿಗಾದರೂ ಕಾಯಬೇಕು. ಪೆಟ್ರೋಲ್ ಮೈನಸ್ 40 ಡಿಗ್ರಿಯ ಹತ್ತಿರದಲ್ಲೇ ಆ ಕೆಲಸ ಮಾಡುತ್ತದೆ. ನಮ್ಮ ಡಿಸೆಂಬರ್ ಚಳಿ ಅದಕ್ಕೆ ಯಾವ ಲೆಕ್ಕ?

ಉರಿಯುವುದು ಆ ಆವಿಯೇ. ಅದು ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ಹಾಗಾಗಿ ನೆಲ ಹಿಡಿದೇ ಹರಿಯುತ್ತದೆ. ಪಾರ್ಕಿಂಗ್‌ನಲ್ಲಿ ಚೆಲ್ಲಿದರೆ ಸಂಪಿನ ಮುಚ್ಚಳದ ಸಂದಿಯಿಂದ ಕೆಳಗಿಳಿಯುತ್ತದೆ, ಬಾಗಿಲಡಿಯಿಂದ ಒಳಗೂ ಬರುತ್ತದೆ, ಅಲ್ಲಿ ದೇವರ ದೀಪವೋ ಸ್ಟವ್ವೋ ಸಿಕ್ಕಿದರೆ ಬೆಂಕಿ ಆ ಆವಿ ಬಂದ ದಾರಿಯಲ್ಲೇ ವಾಪಸ್ ಓಡಿ ಚೆಲ್ಲಿದ ಜಾಗವನ್ನು ಮುಟ್ಟುತ್ತದೆ. ನೂರು ಪಾಲು ಗಾಳಿಯಲ್ಲಿ ಒಂದೂವರೆ ಪಾಲು ಆವಿ ಇದ್ದರೂ ಸಾಕು.

ಹಾಗಾಗಿ ಮನೆಗೆ ತರಲೇಬೇಡಿ. ಇಡಲೇಬೇಕು ಅಂದರೆ ಬಿಗಿ ಮುಚ್ಚಳದ ಲೋಹದ ಕ್ಯಾನಿನಲ್ಲಿ, ಮನೆಯ ಹೊರಗೆ, ನೆರಳಲ್ಲಿ. ಲೈಸೆನ್ಸ್ ಇಲ್ಲದೆ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಇಟ್ಟುಕೊಳ್ಳಲು 1934ರ ಪೆಟ್ರೋಲಿಯಂ ಕಾಯ್ದೆ ಬಿಡುತ್ತದೆ ನಿಜ, ಆದರೆ ಅದು ಹೇಳುವುದು ಗಾಜು, ಪಿಂಗಾಣಿ, ಲೋಹದ ಪಾತ್ರೆ. ನೀರಿನ ಬಾಟ್ಲಿ ಅಲ್ಲ. ಯುಪಿಎಸ್ ಬ್ಯಾಟರಿ, ಮೋಟರ್ ಸ್ವಿಚ್ ಹತ್ತಿರವಂತೂ ಬೇಡವೇ ಬೇಡ.

ಚೆಲ್ಲಿತಾ? ಮೊದಲು ಕೈ ಕಟ್ಟಿಕೊಳ್ಳಿ. ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ, ಎರಡರಲ್ಲೂ ಕಿಡಿ ಬರುತ್ತದೆ. ಎಕ್ಸಾಸ್ಟ್ ಫ್ಯಾನ್ ಕೂಡ ಬೇಡ. ಬಾಗಿಲು, ಕಿಟಕಿ ತೆಗೆದು ಎಲ್ಲರನ್ನೂ ಆಚೆ ಕಳಿಸಿ. ಸ್ವಲ್ಪವೇ ಇದ್ದರೆ ಮರಳು ಇಲ್ಲವೇ ಒಣ ಮಣ್ಣು ಹಾಕಿ ಹೀರಿಸಿ ಹೊರಗೆ ಬಯಲಿಗೆ ಒಯ್ಯಿರಿ. ನೀರು ಹಾಕಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅಲ್ವಾ? ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಮೋರಿಗೆ ಹೋಗುತ್ತದೆ, ತೊಂದರೆ ಪಕ್ಕದ ಮನೆಗೂ ಹಬ್ಬುತ್ತದೆ.

ಬೆಂಕಿ ಹತ್ತಿದರೆ ಯೋಚನೆ ಮಾಡುವಷ್ಟು ಹೊತ್ತು ಇರುವುದಿಲ್ಲ. ಸೋಫಾಗೆ ಹತ್ತಿದ ಬೆಂಕಿಯೇ ಕೆಲವು ನಿಮಿಷಗಳಲ್ಲಿ ಇಡೀ ರೂಮನ್ನು ಒಟ್ಟಿಗೆ ಹೊತ್ತಿಸಬಲ್ಲದು. ಚಾವಣಿಯಡಿಯ ಹೊಗೆ ಸುಮಾರು 500-600 ಡಿಗ್ರಿ ಮುಟ್ಟಿದಾಗ ಹಾಗಾಗುತ್ತದೆ. ಪೆಟ್ರೋಲ್ ಸೇರಿದರೆ ಆ ನಿಮಿಷಗಳೂ ಸಿಗುವುದಿಲ್ಲ. ಮೊಬೈಲ್, ಬೀರು, ಬೈಕ್ ಎಲ್ಲ ಬಿಡಿ. ಬಗ್ಗಿ ಹೊರಡಿ, ಹೊರಬಂದ ಮೇಲೆ ನಿಮ್ಮ ಹಿಂದೆ ಬಾಗಿಲು ಎಳೆದುಕೊಳ್ಳಿ, ಲಿಫ್ಟ್ ಹತ್ತಬೇಡಿ. ಬಟ್ಟೆಗೆ ಹತ್ತಿದರೆ ಓಡದೆ ನೆಲಕ್ಕೆ ಬಿದ್ದು ಉರುಳಿ. ಬೆಂಕಿ ಇನ್ನೂ ಚಿಕ್ಕದಿದ್ದು, ನಿಮ್ಮ ಬೆನ್ನ ಹಿಂದೆ ಬಾಗಿಲಿದ್ದರೆ ಮಾತ್ರ ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ಎತ್ತಿಕೊಳ್ಳಿ: ಪಿನ್ ಎಳೆದು ಬೆಂಕಿಯ ಬುಡಕ್ಕೆ ಹೊಡೆಯಿರಿ. ನೀರು ಹಾಕಿದರೆ ಉರಿಯುವ ಪೆಟ್ರೋಲ್ ಮತ್ತಷ್ಟು ಹರಡುತ್ತದೆ.

ಮೆಟ್ಟಿಲ ಕೆಳಗೇ ಪೆಟ್ರೋಲ್ ಇದ್ದರೆ ಮೇಲಿನ ಬಾಡಿಗೆ ಮನೆಯವರಿಗೆ ಇಳಿಯಲು ಬೇರೆ ದಾರಿಯೇ ಇರುವುದಿಲ್ಲ, ಕಿಟಕಿಗೆಲ್ಲ ಗ್ರಿಲ್ ಬೇರೆ. ಒಂದು ಗ್ರಿಲ್ಲನ್ನಾದರೂ ಒಳಗಿಂದ ತೆಗೆಯುವ ಹಾಗೆ ಮಾಡಿಸಿ, ಬೀಗ ಹಾಕಿದರೆ ಕೀ ಅಲ್ಲೇ ಪಕ್ಕದಲ್ಲಿ ನೇತಾಡಲಿ.

ಆಚೆ ಬಂದ ಮೇಲೆ 101 ಅಥವಾ 112ಕ್ಕೆ ಫೋನ್ ಮಾಡಿ. ಬರೀ "5ನೇ ಕ್ರಾಸ್" ಅಂದರೆ ಆಗಲ್ಲ, ಈ ಊರಲ್ಲಿ ಬಡಾವಣೆಗೊಂದು 5ನೇ ಕ್ರಾಸ್ ಇದೆ. ಬಡಾವಣೆ, ಮೇನ್, ಹತ್ತಿರದ ದೇವಸ್ಥಾನ ಅಥವಾ ಶಾಲೆ ಹೇಳಿ. ಪೆಟ್ರೋಲ್ ಬೆಂಕಿ ಅನ್ನೋದನ್ನೂ ಹೇಳಿ, ಅವರು ಫೋಮ್, ಅಂದರೆ ಬೆಂಕಿ ಆರಿಸುವ ನೊರೆ, ತರಬೇಕಾಗುತ್ತದೆ. ವಾಹನ ಒಳಗೆ ಬರಬೇಕಲ್ಲ, ರಸ್ತೆಯಲ್ಲಿ ಅಡ್ಡ ನಿಲ್ಲಿಸಿರುವ ಕಾರುಗಳನ್ನು ಅಷ್ಟರಲ್ಲಿ ತೆಗೆಸಿ.