ಮಾತಾಡದ ಮಗುವಿಗೆ ಅವರೆಕಾಯಿ
ಮನೆಯಲ್ಲಿ ಒಬ್ಬಳು ಮಾತಿನಮಲ್ಲಿ, ಇನ್ನೊಬ್ಬ ಬಾಯಿ ಬಿಡದವನಾ? ಶಾಲೆಯ ಸುದ್ದಿ ಬೇಕೆಂದರೆ ಅವನನ್ನು ಒಬ್ಬನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅವರೆಕಾಯಿ ಬಿಡಿಸಲು ಕೊಡಿ. ಏನೂ ಕೇಳಬೇಡಿ, ಸುಮ್ನೆ ನೀವೂ ಬಿಡಿಸಿ. ಕೈಗೆ ಕೆಲಸವಿರುತ್ತದೆ, ಮುಖ ನೋಡಿ ಉತ್ತರ ಕೊಡುವ ಕಷ್ಟ ಇರುವುದಿಲ್ಲ, ಮಾತು ತಾನಾಗಿಯೇ ಬರುತ್ತದೆ. ನಮ್ಮ ಚಿಕ್ಕವನು ಹುಳ ಇರುವ ಕಾಯಿಗಳನ್ನು ಸಾಲಾಗಿ ಜೋಡಿಸುತ್ತಾ, ಕಳೆದುಹೋದ ರಬ್ಬರಿನಿಂದ ಹಿಡಿದು ಎಲ್ಲ ಹೇಳುತ್ತಾನೆ. ಹಸಿವಿದ್ದಾಗ ಇದು ನಡೆಯಲ್ಲ. ಅಕ್ಕ ಬಂದರಂತೂ ಮುಗೀತು, ಅವನ ಮಾತನ್ನೂ ಅವಳೇ ಆಡುತ್ತಾಳೆ! ಅವಳಿಗೆ ಆಮೇಲೆ ನೆನೆಸಿದ ಕಾಳು ಹಿಸುಕಲು ಕೊಡಿ. ಅರ್ಧ ಪಾತ್ರೆಗೆ, ಅರ್ಧ ಗೋಡೆಗೆ. ಸೀಸನ್ ಇಲ್ಲದಾಗ ಬೆಳ್ಳುಳ್ಳಿ ಸುಲಿಯುವುದೂ ಆಗುತ್ತದೆ.